ಚಿತ್ರಕಲೆಯಲ್ಲಿ ಕೈ ಪಳಗುವ ಬಗೆ

ಚಿತ್ರಕಲೆಯನ್ನು ಅರವತ್ತನಾಲ್ಕು ಕಲೆಗಳಲ್ಲಿ ಒಂದೆಂದು ನಮ್ಮ ಪೂರ್ವಿಕರು ಎಣಿಸಿದ್ದಾರೆ. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಅದಕ್ಕೆ ದೊರೆಯುವುದು ಬಹುಮಟ್ಟಿಗೆ ದಿನದ ಕಡೆಯ ಅವಧಿ. ಪರೀಕ್ಷೆ ಸಮೀಪಿಸಿದಾಗ ಅದೂ ಗಣಿತಕ್ಕೋ ಇಂಗ್ಲಿಷಿಗೋ ಸಂದುಹೋಗುತ್ತದೆ. ಚಿತ್ರ ಬರೆಯುವುದು ಹುಟ್ಟಿನಿಂದಲೇ ಬರಬೇಕೆಂಬ ನಂಬಿಕೆ ಇದಕ್ಕೆ ಮೂಲ. ಪ್ರತಿಭೆಯ ಮಾತು ಹೇಗೇ ಇರಲಿ, ಗೆರೆ ಎಳೆಯುವುದು, ಬಣ್ಣ ಹದಗೊಳಿಸುವುದು, ಕುಂಚ ನಡೆಸುವುದು ಇವೆಲ್ಲ ಬಡಗಿಯ ಉಳಿಯ ಕೆಲಸದಂತೆ ಅಭ್ಯಾಸದಿಂದ ಕೈವಶವಾಗತಕ್ಕವು.

ನಮ್ಮ ನಾಡಿನ ಚಿತ್ರಗಾರರು ಇದನ್ನು ಚೆನ್ನಾಗಿ ಅರಿತಿದ್ದರು. 1565ರ ರಕ್ಕಸ-ತಂಗಡಗಿ ಯುದ್ಧದ ತರುವಾಯ ವಿಜಯನಗರದ ಆಶ್ರಯ ತಪ್ಪಿದ ಕಲಾವಿದರಲ್ಲಿ ಕೆಲವರು ಮೈಸೂರು ಅರಸರ ಆಶ್ರಯಕ್ಕೆ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ಸಂಪ್ರದಾಯವು ಉಚ್ಛ್ರಾಯ ಸ್ಥಿತಿಗೇರಿತು. ಆ ಮನೆತನಗಳಲ್ಲಿ ಹುಡುಗನ ಕೈಗೆ ಮೊದಲು ಬರುತ್ತಿದ್ದುದು ಚಿನ್ನದ ರೇಕಲ್ಲ, ಇದ್ದಿಲು. ನೆಟ್ಟನೆಯ ಹುಣಸೆಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟರೆ, ಗಾಳಿಯಾಡದ ಕಾರಣ ಅವು ಬೂದಿಯಾಗದೆ ಇದ್ದಿಲಾಗುತ್ತವೆ. ಈ ಇದ್ದಿಲಿನ ಗೆರೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ; ಆದುದರಿಂದ ಕಲಿಯುವವನಿಗೆ ತಪ್ಪುವ ಭಯವಿಲ್ಲ. ನಮ್ಮ ಹೊಲದ ಬದುಗಳಲ್ಲಿ ಹುಣಸೆಗೆ ಬರವಿಲ್ಲವಾದುದರಿಂದ ಯಾವ ಶಾಲೆಯೂ ಇದನ್ನು ಖರ್ಚಿಲ್ಲದೆ ಮಾಡಿಕೊಳ್ಳಬಹುದು.

ರೇಖೆ ಸಿದ್ಧವಾದ ಮೇಲೆ ಮೊದಲು ಆಕಾಶ, ಬೆಟ್ಟ, ನದಿಗಳನ್ನು ತುಂಬಿ, ಬಳಿಕ ಪ್ರಾಣಿಗಳನ್ನೂ ಮನುಷ್ಯಾಕೃತಿಗಳನ್ನೂ ಬರೆದು, ಮುಖ, ಉಡುಗೆ, ಆಭರಣಗಳ ಕುಸುರಿಯನ್ನು ಕಡೆಗೆ ಇರಿಸಿಕೊಳ್ಳುತ್ತಿದ್ದರು. ಆಭರಣದ ಉಬ್ಬುಗೆಲಸವೇ ಈ ಶೈಲಿಯ ಹೆಗ್ಗುರುತು. ಸಫೇದದ ನುಣ್ಣನೆಯ ಪುಡಿ, ಹಳದಿ ಬಣ್ಣದ ಒಂದು ಮರದಂಟು, ಗೋಂದು ಇವನ್ನು ಅರೆದು, ಕುಂಚದ ತುದಿಯಿಂದ ಪದರ ಪದರವಾಗಿ ಏರಿಸುವರು. ಒಂದು ಪದರ ಒಣಗದೆ ಮತ್ತೊಂದನ್ನು ಇಟ್ಟರೆ ಬಿರುಕು ಬಿಡುತ್ತದೆ. ಮೈಸೂರಿನ ಉಬ್ಬು ತಂಜಾವೂರಿನದಕ್ಕಿಂತ ಬಹಳ ತೆಳುವಾದುದು. ಅದರ ಅಂದವೂ ಅಲ್ಲಿಯೇ ಇದೆ. ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿ, ತೆಳುಕಾಗದ ಹೊದಿಸಿ, ನಯವಾದ ಕಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ಹಳೆಯ ಸಫೇದವು ಸೀಸದಿಂದಾದುದು, ವಿಷಕಾರಿ. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು. ಶಾಲೆಯ ಅಭ್ಯಾಸಕ್ಕೆ ಸೀಮೆಸುಣ್ಣದ ಪುಡಿಯೂ ಗೋಂದೂ ಸಾಕು.

2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರಿಗೆ ರಕ್ಷಣೆ ಸಿಕ್ಕಿತೆಂಬುದು ಸಂತೋಷದ ವಿಷಯವೇ. ಆದರೆ ಇಂತಹ ಕೈಗೆಲಸವು ಕಾಗದಪತ್ರಗಳಲ್ಲಿ ಉಳಿಯುವಂಥದಲ್ಲ. ನಮ್ಮ ಪೇಟೆಗಳಲ್ಲಿ ಅಂಗಡಿಯ ಬೋರ್ಡು ಬರೆಯುತ್ತಿದ್ದವರ ಗತಿಯನ್ನೇ ನೋಡಬಹುದು. ಫ್ಲೆಕ್ಸ್ ಬಂದ ಕೆಲವೇ ವರ್ಷಗಳಲ್ಲಿ ಅವರ ಕುಂಚಗಳು ಮೂಲೆ ಸೇರಿದವು. ಗೆರೆ ನಡುಗದಂತೆ ಒಂದೇ ಎಳೆತಕ್ಕೆ ಅಕ್ಷರ ಬರೆಯುವ ಕೈ ಈಗ ಅಪರೂಪ.

ಆರಂಭದ ಅಭ್ಯಾಸಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕಿಲ್ಲ. ಮಕ್ಕಳಿಗೆ ತೆಂಗಿನಮರ ಬರೆಯಲು ಹೇಳಿದರೆ, ನೆಟ್ಟಗಿನ ಕಂಬದ ತುದಿಗೆ ಒಂದೇ ಅಳತೆಯ ಐದಾರು ಗರಿಗಳನ್ನು ಸಿಕ್ಕಿಸಿಬಿಡುತ್ತಾರೆ. ದಿನಬೆಳಗಾದರೆ ತೋಟದಲ್ಲಿಯೇ ಓಡಾಡುವ ಮಗುವೂ ಹೀಗೆ ಬರೆಯುವುದು ಸೋಜಿಗ! ಅವರನ್ನು ಮರದ ಬುಡಕ್ಕೆ ಕರೆದೊಯ್ದು ತೋರಿಸಬೇಕು: ಸುಳಿಯ ಗರಿ ಮೇಲಕ್ಕೆ ನಿಂತಿರುತ್ತದೆ, ನಡುವಿನವು ಅಡ್ಡಲಾಗಿ ಬಾಗಿರುತ್ತವೆ, ಹಳೆಯವು ಜೋತುಬಿದ್ದಿರುತ್ತವೆ, ನಮ್ಮತ್ತ ಚಾಚಿದ ಗರಿ ಗಿಡ್ಡವಾಗಿ ಕಾಣುತ್ತದೆ. ಗರಿಯ ನಡುದಿಂಡನ್ನು ಮೊದಲು ಒಂದೇ ಎಳೆತಕ್ಕೆ ಎಳೆದು, ಎಲೆಗಳನ್ನು ಆಮೇಲೆ ಬಿಡಿಸಬೇಕು. ಇನ್ನು ದೂರದೃಶ್ಯದ ಪಾಠಕ್ಕೆ ತೋಟದ ಸಾಲುಗಳಿವೆ. ಸಮದೂರದಲ್ಲಿ ನೆಟ್ಟ ಮರಗಳು ದೂರ ಸರಿದಂತೆ ಗಿಡ್ಡವಾಗುತ್ತ, ಒತ್ತೊತ್ತಾಗುತ್ತ, ಕಣ್ಣಿನ ಮಟ್ಟದಲ್ಲಿ ಒಂದು ಬಿಂದುವಿನತ್ತ ಕೂಡುವುದನ್ನು ಮಗುವೇ ಕಂಡುಕೊಂಡರೆ ಪುಸ್ತಕದ ನಿಯಮ ತಾನಾಗಿ ಅರ್ಥವಾಗುತ್ತದೆ.

ಆಕೃತಿಗಳ ಅಭ್ಯಾಸಕ್ಕೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವಿದೆ. ಅದರ ಛಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ನರ್ತಿಸುವ ಶಿವನನ್ನು ಇದ್ದಿಲಿನಲ್ಲಿ ರೇಖಿಸಲು ಯತ್ನಿಸಿದರೆ, ದೇಹದ ಬಾಗು ಬಳುಕುಗಳ ಅರಿವು ಒಂದೇ ದಿನದಲ್ಲಿ ಎಷ್ಟೋ ಬೆಳೆಯುತ್ತದೆ. ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ದೇಹವನ್ನು ಅಳೆಯುವ ಶಿಲ್ಪಶಾಸ್ತ್ರದ ಕ್ರಮವನ್ನು ಅಲ್ಲಿಯೇ ಹೇಳಿಕೊಡಬಹುದು.

ಜಲವರ್ಣದಲ್ಲಿ ತಿದ್ದುವ ಅವಕಾಶ ಕಡಮೆ. ಬೆಳಕಿಗೆ ಕಾಗದದ ಬಿಳುಪನ್ನೇ ಬಿಟ್ಟುಕೊಂಡು, ತಿಳಿಯಿಂದ ಗಾಢಕ್ಕೆ ಸಾಗಬೇಕು. ಹಲಗೆಯನ್ನು ತುಸು ಓರೆಯಾಗಿಸಿ, ಕುಂಚದ ಕೆಳಗೆ ನಿಂತ ಬಣ್ಣದ ನೀರನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದರೆ ಆಕಾಶವು ಕಲೆಯಿಲ್ಲದೆ ಬರುತ್ತದೆ. ಹಸಿರನ್ನು ಡಬ್ಬಿಯಿಂದ ನೇರವಾಗಿ ಬಳಿಯುವುದನ್ನು ನಾನು ಒಪ್ಪಲಾರೆ. ಹಳದಿ, ನೀಲಿಗಳನ್ನು ಬೆರೆಸಿ, ತೋರ ಗರಿಗಳ ನೆರಳಿಗೆ ಎಳ್ಳಷ್ಟು ಕೆಂಪು ಕೂಡಿಸಿದಾಗ ತೋಟದ ಹಸಿರು ದೊರೆಯುತ್ತದೆ. ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರ (1886-1965) ಊಟಿ, ಕೊಡೈಕೆನಾಲ್ ದೃಶ್ಯಗಳನ್ನು ನೋಡಿದವರಿಗೆ ತೆಳುಬಣ್ಣದ ಶಕ್ತಿ ಏನೆಂದು ತಿಳಿದಿರುತ್ತದೆ.

ಶಾಲೆಗಳಿಗೆ ನೆರವಾಗುವ ಮಹನೀಯರು ಬಣ್ಣದ ಪೆಟ್ಟಿಗೆಗಳನ್ನು ಉದಾರವಾಗಿ ಕೊಡುವುದುಂಟು. ವಾಸ್ತವವಾಗಿ ಮೊದಲು ಮುಗಿಯುವುದು ಕಾಗದ. ಹಾಳೆ ಉಳಿಸಬೇಕೆಂಬ ಅಂಜಿಕೆಯಿಂದ ಬರೆಯುವ ಮಗುವಿನ ಗೆರೆ ಎಂದಿಗೂ ಧೈರ್ಯಗೊಳ್ಳದು. ಒಂದು ಕಟ್ಟು ಒರಟು ಕಾಗದ, ದುಂಡನೆಯ ಒಳ್ಳೆಯ ಕುಂಚಗಳು ಕೆಲವು, ವಾರಕ್ಕೆ ಎರಡು ಅವಧಿಗಳನ್ನು ಒಟ್ಟುಗೂಡಿಸಿದ ಬಿಡುವು: ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಬಯಸುವ ಹಳ್ಳಿಯ ಮಗುವಿಗೆ ಬೇಕಾದುದು ಇಷ್ಟೇ. ಬಣ್ಣ ಕಲಸಲು ಬಟ್ಟಲುಗಳನ್ನು ಕೊಳ್ಳಬೇಕಾಗಿಯೂ ಇಲ್ಲ. ಒಳಗೆ ನಯವಾಗಿ ಕೆರೆದ ತೆಂಗಿನ ಕರಟಗಳು ಸಾಕು. ಕುಂಚಗಳನ್ನು ಮಾತ್ರ ಕೆಲಸ ಮುಗಿದೊಡನೆ ತೊಳೆದು, ತುದಿಯನ್ನು ಬೆರಳಿನಿಂದ ಕೂಡಿಸಿ, ಮಲಗಿಸಿ ಒಣಗಿಸುವುದನ್ನು ಮೊದಲ ದಿನವೇ ಕಲಿಸತಕ್ಕದ್ದು. ನೀರಿನಲ್ಲಿ ತಲೆಕೆಳಗಾಗಿ ಬಿಟ್ಟರೆ ಕೂದಲು ಬಾಗಿ, ಆ ಕುಂಚದಿಂದ ಮತ್ತೆ ಸಣ್ಣ ಗೆರೆ ಬರುವುದಿಲ್ಲ.