ಗೇಮಿಂಗ್ ಪಿಸಿ ಕೊಳ್ಳುವ ಮೊದಲು ಅಂಗಡಿಯ ಚೀಟಿ ಓದಲು ಕಲಿಯೋಣ

ಪರೀಕ್ಷೆ ಮುಗಿದು ರಜೆ ಹತ್ತಿರ ಬಂದರೆ ನಮ್ಮ ಕಾಲೇಜಿನ ವರಾಂಡದಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ನಲವತ್ತು ಸಾವಿರಕ್ಕೆ ಗೇಮಿಂಗ್ ಪಿಸಿ ಆಗ್ತದಾ?" ಕೆಲವರಿಗೆ ದುಬೈಯಲ್ಲಿರುವ ಅಣ್ಣ ಹಣ ಕಳುಹಿಸುತ್ತಾನೆ. ಕೆಲವರ ಅಪ್ಪ ಅಂಗಡಿಯ ಉಳಿತಾಯದಿಂದಲೋ ಬೋಟಿನ ಪಾಲಿನಿಂದಲೋ ಕೊಡುತ್ತಾರೆ. ಯಾರ ಮನೆಯಲ್ಲೂ ಈ ಹಣ ಎರಡನೇ ಸಲ ಸಿಗುವುದಿಲ್ಲ.

ನಮ್ಮ ಮನೆಗೆ ಪಿಸಿ ಬಂದಾಗ ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, 500 ವಾಟ್ ಎಸ್‌ಎಂಪಿಎಸ್, ಲೈಟ್ ಇರುವ ಕ್ಯಾಬಿನೆಟ್. ಓದಲು ಎಲ್ಲವೂ ಚಂದ. ಮೊದಲ ಮಳೆಗಾಲದಲ್ಲೇ ಎಸ್‌ಎಂಪಿಎಸ್ ಸುಟ್ಟಿತು, ಜೊತೆಗೆ ಮದರ್‌ಬೋರ್ಡನ್ನೂ ಸುಟ್ಟಿತು. ಕ್ಯಾಬಿನೆಟ್ ಬಿಚ್ಚಿ ಒಂದೊಂದೇ ಭಾಗದ ಹೆಸರು ಓದಿದಾಗ ಗೊತ್ತಾಯಿತು: ಚೀಟಿಯಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಮುಖ್ಯವಾಗಿತ್ತು. ಅದೇ ತಪ್ಪು ಉಳಿದವರಿಗೆ ಆಗದಿರಲಿ ಎಂದು ಆ ಚೀಟಿಯ ಒಂದೊಂದು ಸಾಲನ್ನೂ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಐ7 ಎಂದರೆ ಯಾವ ಐ7?

ಇಂಟೆಲ್ ಕಂಪನಿಯ ಐ3, ಐ5, ಐ7 ಎಂಬ ಹೆಸರುಗಳು ವರ್ಷವನ್ನು ಹೇಳುವುದಿಲ್ಲ. ವರ್ಷ ತಿಳಿಯಬೇಕಾದರೆ ಅದರ ಮುಂದಿನ ಸಂಖ್ಯೆ ನೋಡಬೇಕು. ಐ7-2600 ಬಂದದ್ದು 2011ರಲ್ಲಿ, ಅದು ಎರಡನೇ ತಲೆಮಾರಿನದು. ಐ3-12100 ಬಂದದ್ದು 2022ರಲ್ಲಿ, ಅದು ಹನ್ನೆರಡನೇ ತಲೆಮಾರಿನದು. ಎರಡರಲ್ಲೂ 4 ಕೋರ್, 8 ಥ್ರೆಡ್. ಆದರೆ ಹೊಸ ಐ3 ಹಳೆಯ ಐ7ಗಿಂತ ಬಹಳ ವೇಗ. ಅಗ್ಗದ "ಐ7 ಗೇಮಿಂಗ್ ಪಿಸಿ"ಗಳಲ್ಲಿ ಹೆಚ್ಚಾಗಿ ಇರುವುದು ಆಫೀಸುಗಳಿಂದ ಹೊರಬಂದ ಹಳೆಯ ಪ್ರೊಸೆಸರ್.

ಇನ್ನೊಂದು ತೊಂದರೆಯೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದದ್ದು ಎಂಟನೇ ತಲೆಮಾರು ಅಥವಾ ಅದರ ನಂತರದ ಇಂಟೆಲ್ ಪ್ರೊಸೆಸರ್. ವ್ಯಾಲೊರಂಟ್ ಆಟವಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಹಳೆಯ ಐ7 ಕೊಂಡವನು ಎರಡೂ ಕಡೆ ಸಿಕ್ಕಿಬೀಳುತ್ತಾನೆ.

ಸಂಖ್ಯೆಯ ಕೊನೆಯ ಅಕ್ಷರವನ್ನೂ ನೋಡಿ. ಐ3-12100ಎಫ್ ಎಂಬುದರ "ಎಫ್" ಅಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಎಎಂಡಿಯ ರೈಜೆನ್ 5 5600ಜಿ ಎಂಬುದರ "ಜಿ" ಇದಕ್ಕೆ ತದ್ವಿರುದ್ಧ, ಅದರೊಳಗೆ ಆಟ ಆಡುವಷ್ಟು ಗ್ರಾಫಿಕ್ಸ್ ಸೇರಿಯೇ ಬರುತ್ತದೆ.

4 ಜಿಬಿ ಗ್ರಾಫಿಕ್ಸ್ ಎಂಬ ಮೋಡಿ

ನಾವು ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. 2014ರ ಜಿಟಿ 730 ಕಾರ್ಡಿನಲ್ಲೂ 4 ಜಿಬಿ ಇರುವ ಮಾದರಿ ಇದೆ. 2019ರ ಜಿಟಿಎಕ್ಸ್ 1650ರಲ್ಲೂ 4 ಜಿಬಿ ಇದೆ. ಜಿಟಿ 730ರಲ್ಲಿ ಹೆಚ್ಚೆಂದರೆ 384 ಕೋರ್, ಜಿಟಿಎಕ್ಸ್ 1650ರಲ್ಲಿ 896. ಮೊದಲನೆಯದು ಪರದೆ ತೋರಿಸಲು ಸಾಕು, ಈಗಿನ ಆಟಕ್ಕೆ ಸಾಲದು. ಗಂಗೊಳ್ಳಿ ಬಂದರಿನ ಬೋಟುಗಳನ್ನು ನೆನಪಿಸಿಕೊಳ್ಳಿ. ಮೀನು ತುಂಬುವ ಜಾಗ ದೊಡ್ಡದಾದ ಮಾತ್ರಕ್ಕೆ ಬೋಟಿನ ಇಂಜಿನ್ ಬಲವಾಗುವುದಿಲ್ಲ. ಜಿಬಿ ಎನ್ನುವುದು ತುಂಬುವ ಜಾಗ. ಇಂಜಿನ್ ಯಾವುದೆಂದು ಕಾರ್ಡಿನ ಪೂರ್ತಿ ಹೆಸರು ಹೇಳುತ್ತದೆ. ಆದ್ದರಿಂದ ಪೂರ್ತಿ ಹೆಸರನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಕಡಿಮೆ ಖರ್ಚಿನಲ್ಲಿ 1080ಪಿ ಪರದೆಯಲ್ಲಿ ಆಡಲು ಎಎಂಡಿಯ ಆರ್‌ಎಕ್ಸ್ 6600 ಒಂದು ಒಳ್ಳೆಯ ಅಳತೆಗೋಲು. 2021ರಲ್ಲಿ ಬಂದ ಇದರಲ್ಲಿ 8 ಜಿಬಿ ಮೆಮೊರಿ ಇದೆ, ವಿದ್ಯುತ್ ಬಳಕೆ 132 ವಾಟ್. ಬೇರೆ ಯಾವುದೇ ಕಾರ್ಡ್ ತೋರಿಸಿದರೂ "ಇದು 6600ಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ, ಬೆಲೆ ಎಷ್ಟು ವ್ಯತ್ಯಾಸ" ಎಂದು ಹೋಲಿಸಿ ನೋಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಪ್ಪೇನಲ್ಲ, ಆದರೆ ಪರೀಕ್ಷಿಸದೆ ತರಬೇಡಿ. 2022ರ ಸೆಪ್ಟೆಂಬರ್ 15ರವರೆಗೆ ಜಗತ್ತಿನಾದ್ಯಂತ ಲಕ್ಷಾಂತರ ಕಾರ್ಡುಗಳು ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಯಲ್ಲಿ ಹಗಲುರಾತ್ರಿ ಓಡುತ್ತಿದ್ದವು. ಅಂದು ಆ ವ್ಯವಸ್ಥೆಯೇ ಬದಲಾಯಿತು, ಕಾರ್ಡುಗಳು ಮಾರುಕಟ್ಟೆಗೆ ಬಂದವು. ಆರ್‌ಎಕ್ಸ್ 580 ಕಾರ್ಡಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಸಲು ಕಾರ್ಡಿನಲ್ಲಿ 2304 ಕೋರ್ ಇದ್ದರೆ ಅದೇ ಹೆಸರಿನ ಇನ್ನೊಂದರಲ್ಲಿ 2048 ಮಾತ್ರ. ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮಾರುವವರ ಎದುರೇ ಅರ್ಧ ಗಂಟೆ ಆಟ ಓಡಿಸಿ. ಪರದೆಯಲ್ಲಿ ಚುಕ್ಕೆ ಬರುತ್ತದೆಯೇ, ಫ್ಯಾನ್ ಕಿರುಗುಟ್ಟುತ್ತದೆಯೇ ನೋಡಿ. ಇದಕ್ಕೆ ಒಪ್ಪದವರಿಂದ ಕೊಳ್ಳಬೇಡಿ.

ರ‍್ಯಾಮ್ ಒಂದೇ ಪಟ್ಟಿಯೋ, ಎರಡೋ?

16 ಜಿಬಿ ಎಂದರೆ ಒಂದೇ 16ರ ಪಟ್ಟಿ ಆಗಬಹುದು, ಎರಡು 8ರ ಪಟ್ಟಿಗಳೂ ಆಗಬಹುದು. ಡಿಡಿಆರ್4 3200 ವೇಗದ ಒಂದು ಪಟ್ಟಿ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ, ಸರಿಯಾದ ಸ್ಲಾಟಿನಲ್ಲಿ ಕೂತ ಎರಡು ಪಟ್ಟಿಗಳು 51.2 ಜಿಬಿ ಸಾಗಿಸಬಲ್ಲವು. ಒಂದು ಪಥದ ರಸ್ತೆ ಎರಡು ಪಥವಾದ ಹಾಗೆ. 5600ಜಿ ತರಹದ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಬಳಸುತ್ತದೆ. ಹಾಗಾಗಿ ಅಲ್ಲಿ ಎರಡು ಪಟ್ಟಿ ಹಾಕಿದರೆ ಆಟದ ವೇಗದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುತ್ತದೆ.

ಡಿಡಿಆರ್4 ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಕೂರುವುದಿಲ್ಲ. ಎಚ್610 ಎಂಬ ಒಂದೇ ಹೆಸರಿನ ಬೋರ್ಡುಗಳಲ್ಲಿ ಎರಡೂ ಬಗೆ ಇವೆ, ಮೊದಲೇ ಕೇಳಿಕೊಳ್ಳಿ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಹಾಗಾಗಿ ಹಳೆಯ ವೀಡಿಯೊದಲ್ಲಿ ಹೇಳಿದ ಬೆಲೆಯನ್ನು ನಂಬಿ ಲೆಕ್ಕ ಹಾಕಬೇಡಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ, 500 ಜಿಬಿಯಾದರೂ ಬೇಕು. ಈಗ ದೊಡ್ಡ ಆಟ ಒಂದೇ 100 ಜಿಬಿ ದಾಟುತ್ತದೆ.

ಎಲ್ಲರೂ ಉಳಿಸಲು ಹೋಗುವ ಭಾಗ

ಎಸ್‌ಎಂಪಿಎಸ್ ಮಾಡುವ ಕೆಲಸ, ಗೋಡೆಯ 230 ವೋಲ್ಟ್ ಎಸಿಯನ್ನು 12, 5 ಮತ್ತು 3.3 ವೋಲ್ಟ್ ಡಿಸಿಯಾಗಿ ಮಾಡಿ ಒಳಗಿನ ಎಲ್ಲ ಭಾಗಗಳಿಗೆ ಹಂಚುವುದು. ಆಟದ ವೇಗ ಇದರಿಂದ ಹೆಚ್ಚುವುದಿಲ್ಲ, ಆದ್ದರಿಂದ ಅಂಗಡಿಯವರೂ ನಾವೂ ಉಳಿಸಲು ಹೋಗುವುದು ಇಲ್ಲೇ. ಆದರೆ ಇದು ಕೆಟ್ಟರೆ ಒಂದೇ ಹೋಗುವುದಿಲ್ಲ.

ಭೌತಶಾಸ್ತ್ರದಲ್ಲಿ ಕಲಿತ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಸ್‌ಎಂಪಿಎಸ್ ಮೈಮೇಲೆ ಅಂಟಿಸಿದ ಲೇಬಲ್‌ನಲ್ಲಿ 12 ವೋಲ್ಟ್ ಸಾಲನ್ನು ಹುಡುಕಿ, ಆಂಪಿಯರ್‌ನಿಂದ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. ನಮ್ಮ ಮನೆಯದರಲ್ಲಿ ದೊಡ್ಡ ಅಕ್ಷರದಲ್ಲಿ 500 ವಾಟ್ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟ್, 14 ಆಂಪಿಯರ್. ಗುಣಿಸಿದರೆ 168 ವಾಟ್ ಮಾತ್ರ! ಐ3-12100ಎಫ್ ಗರಿಷ್ಠ 89 ವಾಟ್, ಆರ್‌ಎಕ್ಸ್ 6600 132 ವಾಟ್, ಇವೆರಡೇ ಸೇರಿ 221 ವಾಟ್ ಆಗುತ್ತದೆ. ಹೆಸರುವಾಸಿ ಕಂಪನಿಯ, 80 ಪ್ಲಸ್ ಗುರುತಿರುವ, 450ರಿಂದ 550 ವಾಟಿನ ಎಸ್‌ಎಂಪಿಎಸ್ ಇಂಥ ಪಿಸಿಗೆ ಸಾಕು.

ನಮ್ಮೂರಿನ ಮಳೆ, ಗುಡುಗು, ಉಪ್ಪುಗಾಳಿ

ಬೆಂಗಳೂರಿನವರ ವೀಡಿಯೊಗಳಲ್ಲಿ ಈ ಭಾಗ ಇರುವುದಿಲ್ಲ. ಶಿರೂರಿನಿಂದ ಬ್ರಹ್ಮಾವರದವರೆಗೆ ನಮ್ಮ ಕರಾವಳಿಯಲ್ಲಿ ಮೇ ತಿಂಗಳ ಗುಡುಗು, ಜೂನ್‌ನಿಂದ ಮಳೆ, ಪದೇ ಪದೇ ಹೋಗಿ ಬರುವ ಕರೆಂಟ್ ಎಲ್ಲರಿಗೂ ಗೊತ್ತಿದ್ದದ್ದೇ.

ಮೊದಲು ಅರ್ತಿಂಗ್ ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಎನ್ನುತ್ತಿದ್ದರೆ ಅದನ್ನು ತಮಾಷೆ ಎಂದುಕೊಳ್ಳಬೇಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಸಣ್ಣ ಸೋರಿಕೆ ಅರ್ತ್ ತಂತಿಯ ಮೂಲಕ ಭೂಮಿಗೆ ಹೋಗಬೇಕು. ಅರ್ತ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಲೋಹದ ಮೈಯಲ್ಲೇ ನಿಲ್ಲುತ್ತದೆ. ಪಿಸಿ ಮನೆಗೆ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ ಪಾಯಿಂಟ್ ಪರೀಕ್ಷಿಸಿ.

ಎರಡನೆಯದು ಯುಪಿಎಸ್. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಗ್ರಾಫಿಕ್ಸ್ ಕಾರ್ಡ್ ಮತ್ತು ಮಾನಿಟರ್ ಸೇರಿದರೆ ಇದು ಅಂಚಿನಲ್ಲಿ ನಿಲ್ಲುತ್ತದೆ, 1000 ವಿಎ ಇದ್ದರೆ ನೆಮ್ಮದಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಇದೆಯೇ ನೋಡಿ. ಆ ಮೋಡಿನಲ್ಲಿ ಕರೆಂಟ್ ಬದಲಾವಣೆ ಬೇಗ ಆಗುವುದರಿಂದ ಪಿಸಿ ಸಾಮಾನ್ಯವಾಗಿ ಆಫ್ ಆಗುವುದಿಲ್ಲ. ಗುಡುಗು ಶುರುವಾದರೆ ಮಾತ್ರ ಯಾವುದನ್ನೂ ನಂಬದೆ ಪ್ಲಗ್ ಕಿತ್ತುಬಿಡಿ, ಇಂಟರ್‌ನೆಟ್ ಕೇಬಲ್ ಸಹ.

ಮೂರನೆಯದು ಉಪ್ಪುಗಾಳಿ. ಕೋಡಿ, ಗಂಗೊಳ್ಳಿ, ಮರವಂತೆ ಕಡೆ ಕಿಟಕಿಯ ಗ್ರಿಲ್ ಹೇಗೆ ತುಕ್ಕು ಹಿಡಿಯುತ್ತದೆಂದು ನೋಡಿದ್ದೇವೆ. ಫ್ಯಾನ್ ಅದೇ ಗಾಳಿಯನ್ನು ಒಳಗೆ ಎಳೆಯುತ್ತದೆ. ಕಡಲಿನ ಕಡೆಯ ಕಿಟಕಿ ಹತ್ತಿರ ಪಿಸಿ ಇಡಬೇಡಿ. ಲೈಟಿಗಿಂತ ಮುಂದೆ ಜಾಲರಿ ಮತ್ತು ಧೂಳಿನ ಫಿಲ್ಟರ್ ಇರುವ ಕ್ಯಾಬಿನೆಟ್ ಆರಿಸಿ. ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನವೂ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು. ಒಳಗಿನ ಬಿಸಿಗೆ ತೇವ ಆರುತ್ತದೆ.

ಹಣವನ್ನು ಹಂಚುವುದು ಹೇಗೆ?

ಬೆಲೆ ವಾರಕ್ಕೊಮ್ಮೆ ಬದಲಾಗುವುದರಿಂದ ರೂಪಾಯಿಗಿಂತ ಪಾಲಿನಲ್ಲಿ ಯೋಚಿಸಿ. ಮಾನಿಟರ್, ಯುಪಿಎಸ್ ಬಿಟ್ಟು ಪಿಸಿಗೆ 100 ರೂಪಾಯಿ ಇದೆ ಎಂದುಕೊಂಡರೆ ಗ್ರಾಫಿಕ್ಸ್ ಕಾರ್ಡಿಗೆ 38, ಪ್ರೊಸೆಸರ್ ಮತ್ತು ಬೋರ್ಡಿಗೆ 27, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 20, ಎಸ್‌ಎಂಪಿಎಸ್‌ಗೆ 10, ಕ್ಯಾಬಿನೆಟ್ಟಿಗೆ 5. ಎರಡೋ ಮೂರೋ ರೂಪಾಯಿ ಅತ್ತಿತ್ತ ಆಗಬಹುದು. ಕ್ಯಾಬಿನೆಟ್ 15 ಆಗಿ ಎಸ್‌ಎಂಪಿಎಸ್ 3 ಆದರೆ ಆ ಚೀಟಿಯನ್ನು ವಾಪಸ್ ಕೊಡಿ.

ಹಣ ಇದಕ್ಕೂ ಕಡಿಮೆ ಇದ್ದರೆ ಎಲ್ಲ ಭಾಗದಲ್ಲೂ ಕಳಪೆ ತರುವ ಬದಲು ಎರಡು ಕಂತಿನಲ್ಲಿ ಕಟ್ಟಿ. ಮೊದಲ ಕಂತಿನಲ್ಲಿ 5600ಜಿ, ಒಳ್ಳೆಯ ಬೋರ್ಡ್, 8ರ ಎರಡು ರ‍್ಯಾಮ್, ಎಸ್‌ಎಸ್‌ಡಿ, ಒಳ್ಳೆಯ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಬೇಡ. ಇದರಲ್ಲೇ ಸೆಟ್ಟಿಂಗ್ ಇಳಿಸಿಕೊಂಡು ವ್ಯಾಲೊರಂಟ್, ಜಿಟಿಎ 5 ಆಡಬಹುದು, ಕಂಪ್ಯೂಟರ್ ಸೈನ್ಸ್ ಪ್ರಾಜೆಕ್ಟ್, ಸಿಇಟಿ ಆನ್‌ಲೈನ್ ತರಗತಿ ಎಲ್ಲವೂ ನಡೆಯುತ್ತದೆ. ಮುಂದೆ ಹಣ ಕೂಡಿದಾಗ ಕಾರ್ಡ್ ಒಂದನ್ನೇ ತಂದು ಸೇರಿಸಿದರೆ ಆಯಿತು. ಮಾನಿಟರಿಗೂ ಹಣ ಸಾಲದಿದ್ದರೆ ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಗೇಮ್ ಮೋಡ್ ಆನ್ ಮಾಡಿ ಕೆಲವು ತಿಂಗಳು ದೂಡಬಹುದು.

ಬಿಲ್ ಮತ್ತು ವಾರಂಟಿ

ಕಂಪ್ಯೂಟರ್ ಭಾಗಗಳಿಗೆ ಜಿಎಸ್‌ಟಿ ಶೇ. 18. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡಿಕೊಡ್ತೇನೆ" ಎಂಬ ಮಾತು ಕೇಳಲು ಸಿಹಿ, ಆದರೆ ಭಾಗ ಕೆಟ್ಟಾಗ ಕೈಯಲ್ಲಿ ಏನೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದೂ ಇದೇ. ಬಿಲ್‌ನಲ್ಲಿ ಪ್ರತಿ ಭಾಗದ ಪೂರ್ತಿ ಹೆಸರು, ಸೀರಿಯಲ್ ನಂಬರ್ ಇರಲಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಸಿಗುತ್ತದೆ.

ಅಣ್ಣ ಗಲ್ಫ್‌ನಿಂದ ಬರುವಾಗ ಕಾರ್ಡ್ ತರುತ್ತಾನೆ ಎನ್ನುವವರು ಒಂದು ವಿಷಯ ತಿಳಿದಿರಲಿ. ಅನೇಕ ಕಂಪನಿಗಳ ವಾರಂಟಿ ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತದೆ. ಕೆಟ್ಟರೆ ಅದನ್ನು ಅಲ್ಲಿಗೇ ಕಳುಹಿಸಬೇಕಾಗಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೆರಡು ಸಾವಿರ ಕಡಿಮೆ ಸಿಗಬಹುದು. ಆದರೆ ಕೆಟ್ಟಾಗ ಹೋಗಿ ಬರುವ ಬಸ್ ಖರ್ಚು, ರಜೆ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ.

ಅಂಗಡಿಗೆ ಹೋಗುವಾಗ ಈ ಆರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

1. ಪ್ರೊಸೆಸರಿನ ಪೂರ್ತಿ ಸಂಖ್ಯೆ ಏನು, ಯಾವ ವರ್ಷದ್ದು?
2. ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಹೆಸರು ಏನು, ಹೊಸದೋ ಹಳೆಯದೋ?
3. ರ‍್ಯಾಮ್ ಒಂದು ಪಟ್ಟಿಯೋ ಎರಡೋ, ಡಿಡಿಆರ್4 ಅಥವಾ 5?
4. ಎಸ್‌ಎಂಪಿಎಸ್ ಯಾವ ಕಂಪನಿಯದು, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್?
5. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೊಡುತ್ತೀರಾ?
6. ಕೆಟ್ಟರೆ ಸರ್ವಿಸ್ ಎಲ್ಲಿ, ತಂದುಕೊಡುವುದು ಯಾರು?

ಇದನ್ನೆಲ್ಲ ಕೇಳಲು ಸಂಕೋಚ ಬೇಡ. ಒಳ್ಳೆಯ ಅಂಗಡಿಯವರು ಖುಷಿಯಿಂದ ಉತ್ತರಿಸುತ್ತಾರೆ. ಇಸ್ರಾಫ್, ಅಂದರೆ ದುಂದುವೆಚ್ಚ ಬೇಡ ಎಂದು ಮನೆಯಲ್ಲಿ ಹೇಳಿದಾಗ ಪಿಸಿಯನ್ನೇ ಕೊಳ್ಳಬೇಡ ಎಂದು ಹೇಳುತ್ತಿದ್ದಾರೆ ಎಂದುಕೊಂಡು ನಾವು ಮುಖ ಊದಿಸಿಕೊಳ್ಳುತ್ತೇವೆ. ಸುಟ್ಟ ಬೋರ್ಡನ್ನು ಅಪ್ಪ ಕೈಯಲ್ಲಿ ಹಿಡಿದು ಏನೂ ಹೇಳದೆ ಮೇಜಿನ ಮೇಲಿಟ್ಟ ದಿನ ನನಗೆ ಆ ಮಾತಿನ ಅರ್ಥ ತಿಳಿಯಿತು. ಕೊಳ್ಳುವುದು ದುಂದಲ್ಲ, ಕೇಳದೆ ಕೊಳ್ಳುವುದು ದುಂದು.