ವೈನ್ ದ್ರಾಕ್ಷಿ ಹಚ್ಚೋ ಮುಂಚೆ

ಅಳ್ನಾವರ ಕಡೆ, ದಾಂಡೇಲಿ ಕಾಡಿನ ಅಂಚಿಗೆ ನನ್ನ ಹೊಲ. ಎರಡು ಎಕರೆ ಹಳೇ ಆಪೂಸ್ ಮಾವು ಕಿತ್ತು ವೈನ್ ದ್ರಾಕ್ಷಿ ಹಚ್ಚೂಣು ಅಂತ ಮಗನ ಹಟ. ‘ಮೊದಲು ನೋಡಿ ಬರೂಣು’ ಅಂದೆ. ಇಬ್ಬರೂ ಕೊಪ್ಪಳ ಜಿಲ್ಲೆಯ ಹಂಪಿ ಗುಡ್ಡದ ಕಡೆ ಹೋದೆವು.

ಅಲ್ಲಿ ಬಂಡೆಗುಡ್ಡ, ಒಣಹವೆ. ಹೊಳೆಯಾಚೆ ದರೋಜಿ ಕರಡಿಧಾಮ. ಕರಡಿಗೆ ಸಿಹಿ ಹಣ್ಣಂದರೆ ಪ್ರಾಣ. ಅಂಥ ಕಡೆ ಬೇಲಿ ಖರ್ಚೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮಲ್ಲಿ ಹಂದಿ, ಆನೆ ಕಾಟ ಇದ್ದೇ ಇದೆ.

ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿಕ್ಕೆ, ಸೆಪ್ಟೆಂಬರ್-ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಎಳೆ ಚಿಗುರು, ಹೂವಿನ ಮೇಲೆ ಮಳೆ ಬಿದ್ದರೆ ಡೌನಿ ರೋಗ ಹತ್ತಿ ಗೊನೆಯೇ ಹೋದೀತು. ನಮ್ಮ ಕಾಡಂಚಿನಲ್ಲಿ ಅಕ್ಟೋಬರಿನಲ್ಲೂ ಮಳೆ, ಬೆಳಗ್ಗೆ ಮಂಜು.

ಇನ್ನೊಂದು ಮಾತು. ಟಾಮ್ಸನ್ ದ್ರಾಕ್ಷಿಗೆ ದರ ಬಿದ್ದರೆ ಒಣಗಿಸಬಹುದು. ಸುಮಾರು ನಾಲ್ಕು ಕಿಲೋಗೆ ಒಂದು ಕಿಲೋ ಮಣೂಕ. ಕ್ಯಾಬರ್ನೆ, ಶಿರಾಜ್‌ನಂಥ ವೈನ್ ಜಾತಿ ಹಾಗಲ್ಲ. ಸಣ್ಣ ಕಾಳು, ಬೀಜ, ದಪ್ಪ ಸಿಪ್ಪೆ. ಸಂತೆಯಲ್ಲಿ ಯಾರೂ ಕೇಳೋದಿಲ್ಲ. 2007ರಲ್ಲಿ ಸರ್ಕಾರ ವೈನ್ ನೀತಿ ತಂದಿತು, ಖರೆ. ಆದರೆ ಕಾರ್ಖಾನೆಯವರು ಬೇಡವೆಂದರೆ ಗೊನೆ ಬಳ್ಳಿಯಲ್ಲೇ ಉಳೀತು.

ಅದಕ್ಕೇ ಸಸಿ ತರುವ ಮುಂಚೆ ಖರೀದಿ ಕರಾರು ಬರಹದಲ್ಲಿ ಇರಲಿ. ದರ, ಸಿಹಿಯ ಪ್ರಮಾಣ, ಕೊಯ್ಲಿನ ದಿನ ಅದರಲ್ಲಿ ಬರೆಸಿರಿ.

ಬಸ್ಸಿನಲ್ಲಿ ಬರುವಾಗ ಮಗನೇ ಅಂದ: ‘ಅಪ್ಪಾ, ಮಾವು ಇರಲಿ.’