‘ಅಧಿಕೃತ’ ಎಂಬ ಶಬ್ದದ ಎರಡು ಹೊರೆ

‘ಅಧಿಕೃತ’ ಎಂಬ ಒಂದೇ ಶಬ್ದದ ಮೇಲೆ ನಾವು ಎರಡು ಹೊರೆಗಳನ್ನು ಹೊರಿಸಿದ್ದೇವೆ. ಅಧಿಕೃತ ಆವೃತ್ತಿ ಎಂದರೆ ನಕಲಿಯಲ್ಲದ್ದು. ಅಧಿಕೃತ ವ್ಯಕ್ತಿ ಎಂದರೆ ಅಧಿಕಾರ ಪಡೆದವನು. ಕಾಗದದ ಕಡತಗಳ ಕಾಲದಲ್ಲಿ ಇದರಿಂದ ಅಂಥ ತೊಡಕೇನೂ ಇರಲಿಲ್ಲ. ಆದರೆ ಕಂಪ್ಯೂಟರ್ ಭದ್ರತೆಯ ಕೈಪಿಡಿಗಳಲ್ಲಿ ‘ಅಥೆಂಟಿಕೇಶನ್’ ಮತ್ತು ‘ಆಥರೈಸೇಶನ್’ ಎಂಬ ಎರಡು ಭಿನ್ನ ಕ್ರಿಯೆಗಳಿವೆ. ಮೊದಲನೆಯದು, ಬಂದವರು ತಾವು ಹೇಳಿಕೊಂಡ ವ್ಯಕ್ತಿಯೇ ಹೌದೇ ಎಂದು ಪರೀಕ್ಷಿಸುತ್ತದೆ. ಎರಡನೆಯದು, ಆ ವ್ಯಕ್ತಿಗೆ ಈ ಕೆಲಸ ಮಾಡುವ ಅಧಿಕಾರ ಉಂಟೇ ಎಂದು.

ಗೊಂದಲಕ್ಕೆ ಕನ್ನಡವನ್ನಷ್ಟೇ ದೂಷಿಸುವಂತಿಲ್ಲ. ಅಂತರ್ಜಾಲದ ಎಚ್‌ಟಿಟಿಪಿ ನಿಯಮಾವಳಿಯಲ್ಲಿ 401 ಎಂಬ ಸಂಕೇತದ ಹೆಸರು ‘ಅನ್‌ಆಥರೈಸ್ಡ್’. ಅದು ವಾಸ್ತವವಾಗಿ ಹೇಳುವುದು, ನೀವು ಯಾರೆಂಬುದು ಇನ್ನೂ ಖಚಿತವಾಗಿಲ್ಲ ಎಂದು. ಗುರುತು ಖಚಿತವಾದ ಮೇಲೂ ಅಧಿಕಾರವಿಲ್ಲ ಎನ್ನಲು ಸಾಮಾನ್ಯವಾಗಿ ಬಳಸುವುದು 403ನ್ನು. 2022ರಲ್ಲಿ ನಿಯಮಾವಳಿ ಪರಿಷ್ಕೃತವಾದಾಗಲೂ ಹಳೆಯ ಹೆಸರೇ ಉಳಿಯಿತು, ನಮ್ಮ ಸರ್ಕಾರಿ ನಮೂನೆಗಳ ಹಾಗೆ!

ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ಮಾನದಂಡವಾಗಿ ಹೊರಡಿಸಿದ ‘ಆರೆಂಜ್ ಬುಕ್’ ಇನ್ನೆರಡು ಶಬ್ದಗಳನ್ನು ರೂಢಿಗೆ ತಂದಿತು: ಡಿಸ್ಕ್ರೆಷನರಿ ಮತ್ತು ಮ್ಯಾಂಡೇಟರಿ. ವಿವೇಚನಾಧಿಕಾರವೆಂದರೆ ಆಡಳಿತದಲ್ಲಿದ್ದ ನಮ್ಮಂಥವರಿಗೆ ಮೇಲಧಿಕಾರಿಯೇ ನೆನಪಾಗುವುದು. ಇಲ್ಲಿ ಮಾತ್ರ ಕಡತದ ಒಡೆಯನೇ ತನ್ನ ಇಚ್ಛೆಯಂತೆ ಇತರರಿಗೆ ಅನುಮತಿ ಕೊಡುತ್ತಾನೆ. ಮ್ಯಾಂಡೇಟರಿ ಎಂಬಲ್ಲಿ ಗೋಪ್ಯ, ಪರಮಗೋಪ್ಯ ಎಂಬ ದರ್ಜೆಗಳ ಪ್ರಕಾರ ವ್ಯವಸ್ಥೆಯೇ ತೀರ್ಮಾನಿಸುತ್ತದೆ. ಒಡೆಯನೂ ಅದನ್ನು ಸಡಿಲಿಸುವಂತಿಲ್ಲ. ಬರಿದೆ ‘ಕಡ್ಡಾಯ’ ಎಂದು ಅನುವಾದಿಸಿದರೆ ಈ ಅರ್ಥ ಹೊಳೆಯದು.

‘ರೋಲ್’ ಎಂಬುದನ್ನು ‘ಪಾತ್ರ’ ಎನ್ನುತ್ತಾರೆ. ನನಗದು ರಂಗಭೂಮಿಯ ಮಾತಿನಂತೆ ಕೇಳಿಸುತ್ತದೆ. 1992ರಲ್ಲಿ ಫೆರಾಯೊಲೊ ಮತ್ತು ಕುನ್ ತಮ್ಮ ಪ್ರಬಂಧದಲ್ಲಿ ಮಂಡಿಸಿದ ಈ ಪರಿಕಲ್ಪನೆಗೆ ‘ಹುದ್ದೆ’ ಎಂಬ ಶಬ್ದವೇ ಸಮೀಪ. ತಹಶೀಲ್ದಾರರು ವರ್ಗವಾದಾಗ ಅಧಿಕಾರ ಅವರ ಹಿಂದೆ ಹೋಗುವುದಿಲ್ಲ; ಪ್ರಭಾರ ವಹಿಸಿಕೊಂಡವರಿಗೆ ಸಲ್ಲುತ್ತದೆ.

ಇದೆಲ್ಲ ಪಂಡಿತರ ಚರ್ಚೆ ಎಂದುಕೊಳ್ಳಬೇಡಿ. ಸಾಹೇಬರು ಪ್ರವಾಸದಲ್ಲಿರುವಾಗ ಅವರ ಪಾಸ್‌ವರ್ಡನ್ನು ವಿಷಯ ನಿರ್ವಾಹಕರು ಬಳಸುವುದು ಕಚೇರಿಗಳಲ್ಲಿ ಅಪರೂಪವೇನಲ್ಲ. ಸಾಹೇಬರು ಅಧಿಕಾರ ವಹಿಸಿಕೊಟ್ಟೆನೆಂದು ಭಾವಿಸುತ್ತಾರೆ. ಕೊಟ್ಟದ್ದು ತಮ್ಮ ಗುರುತನ್ನು. ಲಿಖಿತವಾಗಿ ಅಧಿಕಾರ ವಹಿಸಿದ್ದರೆ ದಾಖಲೆಯಲ್ಲಿ ಇಬ್ಬರ ಹೆಸರೂ ಇರುತ್ತಿತ್ತು. ಈಗ ಯಾರದೋ ಪಹಣಿ ತಿದ್ದಿಹೋದರೆ ಯಂತ್ರ ತೋರಿಸುವುದು ಸಾಹೇಬರ ಹೆಸರನ್ನೇ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿಯ ಬೆರಳಚ್ಚನ್ನು ಕೇಳತೊಡಗಿದ್ದು ಈ ಕಾರಣಕ್ಕೇ: ತಿದ್ದಿದವರು ‘ನಾನಲ್ಲ’ ಎನ್ನಬಾರದು.

ಕಚೇರಿಯ ಆದೇಶದಲ್ಲಿ ‘ಅನಧಿಕೃತ ಬಳಕೆ ನಿಷೇಧಿಸಿದೆ’ ಎಂದಷ್ಟೇ ಬರೆದರೆ ಆ ವಿಷಯ ನಿರ್ವಾಹಕರಿಗೆ ಅದು ತಮಗೆ ಅನ್ವಯಿಸುವುದೆಂದು ತೋರುವುದೇ ಇಲ್ಲ; ಸಾಹೇಬರೇ ಹೇಳಿದ್ದಾರಲ್ಲ! ಆಧಾರ್‌ನಿಂದ ಜನರಿಗೆ ಪರಿಚಿತವಾಗಿರುವ ‘ದೃಢೀಕರಣ’ವನ್ನು ಗುರುತಿನ ಪರೀಕ್ಷೆಗೂ, ‘ಅಧಿಕಾರ ನೀಡಿಕೆ’ಯನ್ನು ಅನುಮತಿಗೂ ಮೀಸಲಿಟ್ಟು, ‘ಒಬ್ಬರ ಪಾಸ್‌ವರ್ಡನ್ನು ಮತ್ತೊಬ್ಬರು, ಮೇಲಧಿಕಾರಿಯ ಒಪ್ಪಿಗೆಯಿದ್ದರೂ, ಬಳಸಕೂಡದು’ ಎಂದು ಆದೇಶದಲ್ಲಿ ಬಿಡಿಸಿ ಬರೆಯಬಹುದು.